ಕಲ್ಪಿತವೆಂದ ಮಾತ್ರಕ್ಕೆ ಸುಳ್ಳಲ್ಲ

‘ಹಕ್ಕು, ಕರ್ತವ್ಯ, ಅಧಿಕಾರ ಇವೆಲ್ಲ ಬರಿಯ ಕಲ್ಪನೆಗಳು’ ಎಂದು ವಾದಿಸುವವರಿದ್ದಾರೆ. ಆ ಮಾತನ್ನು ನಾನು ಅಲ್ಲಗಳೆಯುವುದಿಲ್ಲ; ಆದರೆ ಅಷ್ಟಕ್ಕೇ ವಾದ ಮುಗಿಯಿತೆಂದು ಭಾವಿಸುವುದನ್ನು ಒಪ್ಪಲಾರೆ. ಈ ಗಂಟನ್ನು ತಾಳ್ಮೆಯಿಂದ ಬಿಡಿಸಿದವನು ಇಂಗ್ಲೆಂಡಿನ ತತ್ತ್ವಜ್ಞಾನಿ ಜೆರೆಮಿ ಬೆಂಥಮ್ (1748–1832).

ವಾಕ್ಯದ ವ್ಯಾಕರಣವು ಇದೆಯೆಂಬಂತೆ ತೋರಿಸುವ, ಆದರೆ ನಿಜವಾಗಿ ಇದೆಯೆಂದು ಹೇಳುವ ಉದ್ದೇಶ ಮಾತಾಡುವವನಿಗೆ ಇಲ್ಲದ ಸಂಗತಿಗಳನ್ನು ಅವನು ಕಲ್ಪಿತ ವಸ್ತುಗಳೆಂದು ಕರೆದ. ಇವು ಕಟ್ಟುಕತೆಯ ರಾಕ್ಷಸರಂಥವಲ್ಲ. ರಾಕ್ಷಸನನ್ನು ಕೈಬಿಟ್ಟರೂ ಲೋಕವ್ಯವಹಾರ ಸಾಗುತ್ತದೆ, ‘ಕರ್ತವ್ಯ’ವನ್ನು ಕೈಬಿಟ್ಟರೆ ಒಂದು ಕಾನೂನನ್ನೂ ಬರೆಯಲಾಗದು. ಭಾಷೆಗೆ ಇವು ಅನಿವಾರ್ಯವೆಂದು ಬೆಂಥಮ್‌ನೇ ಒಪ್ಪಿದ್ದ.

ಹಾಗಾದರೆ ಕರ್ತವ್ಯಕ್ಕೆ ಲಕ್ಷಣ (ವ್ಯಾಖ್ಯೆ) ಹೇಳುವುದು ಹೇಗೆ? ಮೊದಲು ಜಾತಿಯನ್ನು, ಎಂದರೆ ವಸ್ತು ಸೇರುವ ದೊಡ್ಡ ವರ್ಗವನ್ನು, ಆಮೇಲೆ ಅದರೊಳಗಿನ ಭೇದವನ್ನು ಹೇಳುವ ಹಳೆಯ ಕ್ರಮ ಇಲ್ಲಿ ಸಾಗದು, ಏಕೆಂದರೆ ಕರ್ತವ್ಯವನ್ನು ಒಳಗೊಳ್ಳುವ ಮೇಲಿನ ಜಾತಿಯೇ ಇಲ್ಲ. ಆದ್ದರಿಂದ ಬೆಂಥಮ್ ಬಿಡಿ ಪದವನ್ನು ಬಿಟ್ಟು ಇಡೀ ವಾಕ್ಯವನ್ನು ಹಿಡಿದ. ‘ಈ ಕೆಲಸ ಇವನ ಕರ್ತವ್ಯ’ ಎನ್ನುವಲ್ಲಿ ‘ಇದನ್ನು ಮಾಡದಿದ್ದರೆ ಇವನಿಗೆ ನೋವೋ ಸುಖನಷ್ಟವೋ ಉಂಟಾದೀತು’ ಎಂದಿಟ್ಟರೆ, ಕಲ್ಪಿತ ವಸ್ತು ಮರೆಯಾಗಿ ಮನುಷ್ಯ, ಅವನ ನಡೆ, ಅವನ ನೋವು ಉಳಿಯುತ್ತವೆ.

1905ರಲ್ಲಿ ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ ‘ಫ್ರಾನ್ಸಿನ ಈಗಿನ ರಾಜ ಬೋಳುತಲೆಯವನು’ ಎಂಬ ವಾಕ್ಯವನ್ನು ಬಿಡಿಸಿದ್ದೂ ಹೀಗೆಯೇ. ಅಂಥ ರಾಜ ಒಬ್ಬನಿದ್ದಾನೆ, ಒಬ್ಬನೇ ಇದ್ದಾನೆ, ಅವನ ತಲೆ ಬೋಳು ಎಂದು ಒಡೆದಾಗ ಮೊದಲ ಅಂಶವೇ ಸುಳ್ಳಾಗುತ್ತದೆ. ಇಲ್ಲದ ರಾಜನಿಗೆ ಯಾವುದೋ ಬಗೆಯ ಇರವನ್ನು ಕೊಡಬೇಕಾದ ಪ್ರಮೇಯವೇ ಬರುವುದಿಲ್ಲ. ಬೌದ್ಧರೊಡನೆ ವಾದಿಸುತ್ತಿದ್ದ ನಮ್ಮ ನೈಯಾಯಿಕರು (ನ್ಯಾಯದರ್ಶನವೆಂಬ ತರ್ಕಪರಂಪರೆಯ ಪಂಡಿತರು) ಇದಕ್ಕೂ ಶತಮಾನಗಳ ಹಿಂದೆ ‘ಮೊಲದ ಕೊಂಬು ಇಲ್ಲ’ ಎಂಬುದನ್ನು ‘ಮೊಲದಲ್ಲಿ ಕೊಂಬು ಇಲ್ಲ’ ಎಂದು ತಿರುಗಿಸಿ ಓದಿದ್ದರು. ಮೊಲವೂ ನಿಜ, ಹಸುವಿನ ತಲೆಯ ಮೇಲಿನ ಕೊಂಬೂ ನಿಜ, ಇವೆರಡರ ಸಂಬಂಧವೊಂದೇ ಇಲ್ಲದ್ದು. ಈ ನೈಯಾಯಿಕರಲ್ಲಿ ಒಬ್ಬನಾದ ಉದಯನನ ವಾದಗಳನ್ನು ತತ್ತ್ವಶಾಸ್ತ್ರದ ತರಗತಿಗಳಲ್ಲಿ ರಸೆಲ್‌ನ ಪಕ್ಕದಲ್ಲಿಟ್ಟು ಓದಿಸಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಬೆಂಥಮ್‌ನ ವಿವರಣೆಯಲ್ಲಿ ನನಗೊಂದು ಕೊರತೆ ಕಾಣುತ್ತದೆ. ಕಾನೂನಿನ ಶಿಕ್ಷೆಯ ಜೊತೆಗೆ ಜನರ ನಿಂದೆಯನ್ನೂ ದೇವರ ಭಯವನ್ನೂ ಅವನು ನೋವಿನ ಮೂಲಗಳಲ್ಲಿ ಸೇರಿಸಿದ್ದಾನೆ, ನಿಜ. ಆದರೂ ಸತ್ತವರಿಗೆ ಕೊಟ್ಟ, ಬೇರೆ ಯಾರಿಗೂ ತಿಳಿಯದ ಮಾತನ್ನು ನಾಸ್ತಿಕನೊಬ್ಬ ಉಳಿಸಿಕೊಳ್ಳುವಾಗ ಅವನನ್ನು ಕಟ್ಟಿಹಾಕುವುದು ನೋವಿನ ನಿರೀಕ್ಷೆಯೊಂದೇ ಎಂದು ನನಗನ್ನಿಸುವುದಿಲ್ಲ. ಹಾಗೆಂದು ಬೆಂಥಮ್‌ನ ವಿಧಾನವನ್ನೇ ತಳ್ಳಿಹಾಕಬೇಕಾಗಿಲ್ಲ. ಹಕ್ಕಿನ ಮಾತೆತ್ತುವವರು, ಯಾರು ಯಾರಿಗಾಗಿ ಏನು ಮಾಡಬೇಕೆಂದು ಪೂರ್ಣ ವಾಕ್ಯದಲ್ಲಿ ಹೇಳಬೇಕೆಂಬ ಅವನ ಪಟ್ಟು ನ್ಯಾಯವಾದದ್ದು, ಮತ್ತು ಹಾಗೆ ಹೇಳಲು ಬರುವ ಹಕ್ಕನ್ನು ‘ಕಲ್ಪನೆ’ಯೆಂಬ ಕಾರಣಕ್ಕೆ ಯಾರೂ ಕಸಿದುಕೊಳ್ಳಲಾಗದು.