ಬೇರೆ ದೇಶದ ಯುದ್ಧಕ್ಕೆ ನಮ್ಮ ಹುಡುಗ ಹೋಗಬಹುದಾ?

ಯುದ್ಧ ನಡೆಯುತ್ತಿರುವಾಗ ಇನ್ನೊಂದು ದೇಶದ ಸೈನ್ಯಕ್ಕೆ ನಮ್ಮವರು ಸ್ವಂತ ಇಷ್ಟದಿಂದ ಸೇರುವುದು ಸರಿಯೇ? ಇಬ್ಬರು ಬೆಂಗಳೂರಿಗರನ್ನು ಕೇಳಿದೆವು. ಒಬ್ಬರು ನಿವೃತ್ತ ಹವಾಲ್ದಾರ್, ಇನ್ನೊಬ್ಬರು ವಕೀಲರು.

ಪರ: ತಿಳಿದು ಹಾಕಿದ ವರ್ದಿಗೆ ಅವಮಾನ ಬೇಡ

ಬೆಳಗ್ಗೆ ಐದಕ್ಕೆ ಕಮ್ಮನಹಳ್ಳಿ ಹತ್ತಿರದ ಒಂದು ಮೈದಾನದಲ್ಲಿ ಹುಡುಗರನ್ನು ಓಡಿಸುತ್ತೇನೆ. ಹದಿನೇಳು ವರ್ಷ ಸೈನ್ಯದ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಇದ್ದವನು ನಾನು. ಹಲಸೂರು ಕೆರೆ ಪಕ್ಕದ ಸೆಂಟರ್‌ನಲ್ಲೇ ಟ್ರೈನಿಂಗ್ ಆಗಿದ್ದು. ಅಗ್ನಿವೀರ್ ರ‍್ಯಾಲಿಯಲ್ಲಿ 1600 ಮೀಟರ್ ಓಟವನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ 60 ಅಂಕ. ಹತ್ತು ಪುಲ್ ಅಪ್‌ಗೆ 40. ನನ್ನ ಹುಡುಗರಿಗೆ ಇದು ಮಗ್ಗಿ ಇದ್ದ ಹಾಗೆ.

ಒಬ್ಬ ಹುಡುಗ ಐದು ನಿಮಿಷ ಹತ್ತು ಸೆಕೆಂಡಿಗೆ ಓಟ ಮುಗಿಸಿದ. ಆಮೇಲೆ ಎತ್ತರ ಅಳೆದರು. 165 ಸೆಂಟಿಮೀಟರ್. ಬೇಕಿದ್ದದ್ದು 166. ಆಚೆ ಬಂದವನು ಶೂ ಹಾಕಿಕೊಳ್ಳಲಿಲ್ಲ. ಕೈಯಲ್ಲೇ ಹಿಡಿದುಕೊಂಡು ಬಸ್ ಸ್ಟಾಪ್ ತನಕ ಬರಿಗಾಲಲ್ಲಿ ನಡೆದ. ವಾರದ ಮೇಲೆ ಬಂದು ಕೇಳಿದ, 'ಸರ್, ಫ್ರಾನ್ಸ್ ಸೈನ್ಯಕ್ಕೆ ಹೊರಗಿನವರೂ ಸೇರಬಹುದಂತಲ್ಲ?' ಹೂಂ, ಸೇರಬಹುದು ಅಂದೆ. ಆ ಒಂದು ಹೂಂಗೆ ಅವನ ಅಪ್ಪ ಇವತ್ತಿಗೂ ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ.

ಏನು ತಪ್ಪು ಹೇಳಿದೆ? ಫ್ರಾನ್ಸ್‌ನ ಫಾರಿನ್ ಲೀಜನ್ ಶುರುವಾಗಿದ್ದು 1831ರಲ್ಲಿ. ಹದಿನೇಳೂವರೆಯಿಂದ ಮೂವತ್ತೊಂಬತ್ತೂವರೆ ವರ್ಷದವರೆಗಿನ ಯಾವ ದೇಶದ ಗಂಡಸಾದರೂ ಅರ್ಜಿ ಹಾಕಬಹುದು. ಮೊದಲ ಕರಾರು ಐದು ವರ್ಷದ್ದು. ಫೀಸಿಲ್ಲ, ಏಜೆಂಟ್ ಬೇಕಿಲ್ಲ. ಗೇಟಿನ ಹತ್ತಿರ ಹೋಗಿ ನಿಲ್ಲಬೇಕು, ಅಷ್ಟೆ. ಮೂರು ವರ್ಷ ಕಳೆದರೆ ಆ ದೇಶದ ಪೌರತ್ವ ಕೇಳಬಹುದು. ಕಾದಾಟದಲ್ಲಿ ಗಾಯವಾದರೆ ಮೂರು ವರ್ಷವೂ ಕಾಯಬೇಕಿಲ್ಲ. ಹೊರಗಿನವನ ರಕ್ತಕ್ಕೆ ಇಷ್ಟು ಮರ್ಯಾದೆ ಕೊಡುವ ಕಾನೂನು ಎಷ್ಟು ದೇಶಗಳಲ್ಲಿದೆ ಹೇಳಿ?

ಬೇರೆಯವರ ಯುದ್ಧದಲ್ಲಿ ನಮಗೇನು ಕೆಲಸ ಅನ್ನುವವರು ಒಂದು ಸಲ ಜೆ.ಸಿ. ನಗರಕ್ಕೆ ಹೋಗಿ ಬರಲಿ. ಅಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗಿನ ಇಸ್ರೇಲಿನ ಹೈಫಾ ಊರನ್ನು ಗೆದ್ದ ಕುದುರೆ ಪಡೆಯಲ್ಲಿ ಜೋಧಪುರದವರ ಜೊತೆ ನಮ್ಮ ಮೈಸೂರಿನವರೂ ಇದ್ದರು. ಎದುರಿಗಿದ್ದದ್ದು ತುರ್ಕಿಯ ಸುಲ್ತಾನನ ಸೈನ್ಯ. ಸುಲ್ತಾನನಿಗೂ ಮೈಸೂರಿಗೂ ಏನು ಜಗಳ? ಆದರೂ ಪ್ರತಿ ವರ್ಷ ಹೂವಿನ ಹಾರ ಹಾಕುತ್ತೇವೆ. ಹಾಕಬೇಕು ಕೂಡ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬೇರೆ ದೇಶದವರು ಸ್ವಂತ ಇಷ್ಟದಿಂದ ಬಂದು ಸೇರಿದ ಸೈನ್ಯ ಬೇಕಾದರೆ ಫ್ರಾನ್ಸ್ ತನಕ ಹೋಗುವುದು ಬೇಡ. ನಮ್ಮ ಸೈನ್ಯವೇ ಅದು! 1947ರಲ್ಲಿ ಭಾರತ, ಬ್ರಿಟನ್, ನೇಪಾಳ ಕೂತು ಒಪ್ಪಂದ ಮಾಡಿಕೊಂಡವು. ಹತ್ತು ಗೂರ್ಖಾ ರೆಜಿಮೆಂಟ್‌ಗಳಲ್ಲಿ ಆರು ನಮಗೆ ಬಂದವು, ನಾಲ್ಕು ಬ್ರಿಟನ್‌ಗೆ ಹೋದವು. ಆಮೇಲೆ ನಾವೇ ಇನ್ನೊಂದು ಕಟ್ಟಿದೆವು. ಇವುಗಳಲ್ಲಿ ನೇಪಾಳದ ಪೌರರು ಸಾವಿರಾರು. ಅವರ ಪೆನ್ಷನ್ ಕೊಡಲು ಪೋಖರಾ, ಧರಾನ್, ಕಠ್ಮಂಡುವಿನಲ್ಲಿ ನಮ್ಮ ಆಫೀಸುಗಳಿವೆ.

ಕಾಶ್ಮೀರದ ಕುಪ್ವಾರ ಕಡೆ ಒಂದು ರಾತ್ರಿ ಬೇಲಿ ಬ್ರಿಡ್ಜ್ ಕಟ್ಟುತ್ತಿದ್ದೆವು. ಬೇಲಿ ಬ್ರಿಡ್ಜ್ ಅಂದರೆ ಕಬ್ಬಿಣದ ಚೌಕಟ್ಟುಗಳನ್ನು ಪಿನ್ ಹಾಕಿ ಜೋಡಿಸುತ್ತಾ ಹೋಗುವ ಸೇತುವೆ. ಒಂದೊಂದು ಪ್ಯಾನೆಲ್ ಇನ್ನೂರೈವತ್ತು ಕಿಲೋ ಮೇಲೆ. ಆರು ಜನ ಒಟ್ಟಿಗೆ ಎತ್ತಬೇಕು. ಆರನೆಯವನು ಒಂದು ಕ್ಷಣ ತಡ ಮಾಡಿದರೆ ಉಳಿದವರ ಸೊಂಟ ಹೋಯಿತು ಅಂತಲೇ ಲೆಕ್ಕ. ಅವತ್ತು ನಮ್ಮವನೊಬ್ಬನಿಗೆ ಜ್ವರ. ಕಾವಲಿಗೆ ಬಂದಿದ್ದ ಗೂರ್ಖಾಗಳಲ್ಲಿ ಒಬ್ಬ ನಾಯಕ್ ರೈಫಲನ್ನು ಜೊತೆಯವನ ಕೈಗೆ ಕೊಟ್ಟು, ಯಾರೂ ಕೇಳದೆ ಬಂದು ಆರನೆಯವನಾಗಿ ನಿಂತ. ಕುಳ್ಳ. ನನ್ನ ಭುಜದಷ್ಟು ಇದ್ದ. ಅವನ ಮೂಲೆ ಕೆಳಗಿಳಿಯುತ್ತದೆ ಅಂತ ತೋಳಿನ ಮೇಲೆ ಗೋಣಿಚೀಲ ಮಡಚಿ ಇಟ್ಟುಕೊಂಡ. ಬೆಳಗಿನ ಜಾವದ ತನಕ ಹೊತ್ತ.

ಟೀ ಕುಡಿಯುವಾಗ ನಾನು ಸುಮ್ನೆ ಕಿಚಾಯಿಸಿದೆ. 'ಇದು ನಿನ್ನ ದೇಶ ಅಲ್ಲ. ಇಷ್ಟು ದೂರ ಬಂದು ಯಾಕಪ್ಪಾ ಈ ಕಷ್ಟ?' ಅವನು ಮಗ್ಗು ಕೆಳಗಿಟ್ಟು ಕೇಳಿದ, 'ನಿಮ್ಮ ಊರು ಯಾವುದು?' ಬೆಂಗಳೂರು ಅಂದೆ. 'ನಮ್ಮ ಹಳ್ಳಿ ಇಲ್ಲಿಂದ ಬೆಂಗಳೂರಿಗಿಂತ ಹತ್ತಿರ. ದೂರದಿಂದ ಬಂದಿರೋದು ನೀವು' ಅಂದ. ನಮ್ಮ ಸುಬೇದಾರ್ ಸಾಹೇಬರು ಬಿದ್ದು ಬಿದ್ದು ನಕ್ಕರು. ನನಗೆ ಮಾತ್ರ ಉತ್ತರ ಹೊಳೆಯಲಿಲ್ಲ. ಇವತ್ತಿಗೂ ಹೊಳೆದಿಲ್ಲ.

ಅವನನ್ನು ನಾವು ಬಾಡಿಗೆ ಬಂಟ ಅನ್ನುತ್ತೇವಾ? ಕುಪ್ವಾರದಲ್ಲಿ ಅವನು ನಮಗಾಗಿ ನಿಂತರೆ ವೀರ. ನನ್ನ 165 ಸೆಂಟಿಮೀಟರ್ ಹುಡುಗ ಇನ್ನೊಬ್ಬರಿಗಾಗಿ ನಿಂತರೆ ದಾರಿ ತಪ್ಪಿದ ಮಗ. ಇದು ಯಾವ ನ್ಯಾಯ?

ದುಡ್ಡಿಗಾಗಿ ಹೋಗುತ್ತಾರೆ ಅನ್ನುವ ಮಾತೂ ಅಷ್ಟೆ. ನಾನೇನು ಸಂಬಳ ಬಿಟ್ಟು ಕೆಲಸ ಮಾಡಿದೆನಾ? ದುಡ್ಡೇ ಬೇಕಾಗಿರಲಿಲ್ಲ ಅನ್ನುವವರೂ ಇದ್ದರು. 1936ರಲ್ಲಿ ಸ್ಪೇನ್‌ನಲ್ಲಿ ಜನರಲ್ ಫ್ರಾಂಕೋ ದಂಗೆ ಎದ್ದಾಗ ಐವತ್ತಕ್ಕೂ ಜಾಸ್ತಿ ದೇಶಗಳಿಂದ ಸುಮಾರು 35,000 ಜನ ಅಲ್ಲಿನ ಸರ್ಕಾರದ ಪರ ಕಾದಲು ಹೋದರು. ಅವರಲ್ಲಿ ನಾಗಪುರದ ಗೋಪಾಲ ಮುಕುಂದ ಹುದ್ದಾರ್ ಒಬ್ಬರು. ಜಾನ್ ಸ್ಮಿತ್ ಅಂತ ಹೆಸರಿಟ್ಟುಕೊಂಡು ಹೋದರು, 1938ರಲ್ಲಿ ಸೆರೆ ಸಿಕ್ಕರು, ಫ್ರಾಂಕೋನ ಜೈಲು ನೋಡಿ ವಾಪಸ್ ಬಂದರು. ಹಿಟ್ಲರ್‌ನ ವಿಮಾನಗಳು ಸ್ಪೇನ್ ಮೇಲೆ ಬಾಂಬ್ ಹಾಕುತ್ತಿದ್ದಾಗ 'ಅದು ಅವರ ಮನೆ ಜಗಳ' ಅಂತ ಕೂತಿದ್ದ ದೊಡ್ಡ ದೇಶಗಳಿಗಿಂತ ಈ ಮನುಷ್ಯನಿಗೆ ಮುಂದಿನದು ಚೆನ್ನಾಗಿ ಕಂಡಿತ್ತು.

ನಮ್ಮ ಕಲಬುರ್ಗಿ ಕಡೆಯ ಹುಡುಗರು ಕೆಲಸ ಅಂತ ಹೋಗಿ ರಷ್ಯಾ ಸೈನ್ಯದಲ್ಲಿ ಸಿಕ್ಕಿಹಾಕಿಕೊಂಡ ಕತೆ ಎದುರಿನವರು ತಂದೇ ತರುತ್ತಾರೆ. ಅದು ಬೇರೆ ಮಾತು. ಅದು ಮೋಸ, ಪೊಲೀಸ್ ಕೇಸು. ಸೇರುವ ಬಗ್ಗೆ ಮಾತಾಡುವಾಗ ಅದನ್ನು ಯಾಕೆ ಎಳೆಯುತ್ತೀರಿ? ಚಿಟ್ ಫಂಡಿನವನು ಓಡಿಹೋದ ಅಂತ ಬ್ಯಾಂಕಿನಲ್ಲಿ ದುಡ್ಡಿಡುವುದು ಬಿಡುತ್ತೇವಾ?

ಆ ಹುಡುಗ ಈಗ ಒಂದು ಡೆಲಿವರಿ ಕಂಪನಿಯ ಗೋಡೌನ್‌ನಲ್ಲಿ ಇದ್ದಾನೆ. ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಐದಕ್ಕೆ ನೇರ ಮೈದಾನಕ್ಕೆ ಬರುತ್ತಾನೆ. ಇನ್ನೂ ಓಡುತ್ತಾನೆ.

ವಿರೋಧ: ಸಹಿಗೆ ಮುಂಚೆ ಓದಿದವರು ಯಾರು?

ನನಗೆ ವಿರೋಧ ಬರೆಯಿರಿ ಅಂದರು. ಪರ ಕೊಟ್ಟಿದ್ದರೂ ಬರೆಯುತ್ತಿದ್ದೆ. ಇಪ್ಪತ್ತಾರು ವರ್ಷದಿಂದ ಸಿವಿಲ್ ಕೋರ್ಟಿನಲ್ಲಿ ಮಾಡುತ್ತಿರುವುದೇ ಅದು. ಪಕ್ಕದ ಲೇಖನ ಓದಿಲ್ಲ. ಆದರೆ ಗೂರ್ಖಾ ಬಂದಿರುತ್ತಾನೆ, ಸ್ಪೇನ್ ಬಂದಿರುತ್ತದೆ ಅಂತ ಬಾಜಿ ಕಟ್ಟಬಲ್ಲೆ.

ಮೊದಲು ಕಾನೂನು ಹೇಳಿಬಿಡುತ್ತೇನೆ, ಅದು ಸುಲಭ. 1874ರ ಫಾರಿನ್ ರಿಕ್ರೂಟಿಂಗ್ ಆ್ಯಕ್ಟ್ ಅಂತ ಒಂದಿದೆ. ಬೇರೆ ದೇಶದ ಸೇವೆಗೆ ಇಲ್ಲಿ ಜನ ಸೇರಿಸುವುದನ್ನು ಸರ್ಕಾರ ಇದರ ಕೆಳಗೆ ತಡೆಯಬಹುದು. ಭಾರತೀಯ ನ್ಯಾಯ ಸಂಹಿತೆಯ 153ನೇ ಕಲಂ ಇನ್ನೂ ಜೋರು. ಭಾರತದ ಜೊತೆ ಶಾಂತಿಯಿಂದ ಇರುವ ದೇಶದ ಸರ್ಕಾರದ ವಿರುದ್ಧ ಯುದ್ಧ ಮಾಡಿದರೆ ಜೀವಾವಧಿ ಶಿಕ್ಷೆಯವರೆಗೂ ಹೋಗಬಹುದು. ನಮಗೆ ರಷ್ಯಾ ಜೊತೆಗೂ ಜಗಳ ಇಲ್ಲ, ಯುಕ್ರೇನ್ ಜೊತೆಗೂ ಇಲ್ಲ. ಯಾವ ಕಡೆ ಸೇರಿದರೂ ಎದುರಿಗಿರುವವನು ನಮ್ಮ ಸ್ನೇಹಿತನೇ.

ಗೂರ್ಖಾ ವಿಷಯ. ಅದು ಸರ್ಕಾರ ಸರ್ಕಾರಗಳ ನಡುವಿನ ಒಪ್ಪಂದ, ತಲೆತಲಾಂತರದ ಪದ್ಧತಿ. ಜಿಮ್‌ನಲ್ಲಿ ಆರು ತಿಂಗಳು ಬೈಸೆಪ್ಸ್ ಬೆಳೆಸಿ, ರೀಲ್ಸ್‌ನಲ್ಲಿ ಟ್ಯಾಂಕ್ ನೋಡಿ, ಅಮ್ಮನ ಬಳೆ ಅಡ ಇಟ್ಟು ಹೊರಡುವ ಹುಡುಗ ಗೂರ್ಖಾ ಅಲ್ಲ. ಅಷ್ಟು ಸಾಕು, ಮುಂದೆ ಹೋಗೋಣ.

ಸ್ಪೇನ್‌ಗೆ ಹೋದವರನ್ನು ಬೈಯಲು ನನಗೂ ಮನಸ್ಸಿಲ್ಲ, ನಿಜ ಹೇಳುತ್ತೇನೆ. ಆದರೆ ಹೊರಗಿನವರ ಕಷ್ಟಕ್ಕೆ ಹೋಗಲು ಬಂದೂಕೇ ಬೇಕಾ? ಸೊಲ್ಲಾಪುರದ ಡಾಕ್ಟರ್ ದ್ವಾರಕಾನಾಥ ಕೋಟ್ನಿಸ್ 1938ರಲ್ಲಿ ಚೀನಾಕ್ಕೆ ಹೋದರು. ಗಾಯಾಳುಗಳನ್ನು ನೋಡುತ್ತಲೇ 1942ರಲ್ಲಿ ಅಲ್ಲೇ ತೀರಿಕೊಂಡರು. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ 1965ರಲ್ಲಿ ಸೈಪ್ರಸ್‌ನಲ್ಲಿ ತೀರಿಕೊಂಡಾಗ ವಿಶ್ವಸಂಸ್ಥೆಯ ಶಾಂತಿಪಡೆ ನಡೆಸುತ್ತಿದ್ದರು. ದೇಶವೇ ಕಳಿಸಿದರೆ ಹಿಂದೆ ಒಂದು ಸರ್ಕಾರ ಇರುತ್ತದೆ. ಒಬ್ಬನೇ ಹೋದವನ ಹಿಂದೆ ಯಾರಿದ್ದಾರೆ? 2022ರ ಜೂನ್‌ನಲ್ಲಿ ಯುಕ್ರೇನ್ ಸೈನ್ಯದಲ್ಲಿದ್ದ ಇಬ್ಬರು ಬ್ರಿಟಿಷರಿಗೆ, ಒಬ್ಬ ಮೊರಾಕ್ಕೋದವನಿಗೆ ರಷ್ಯಾ ಪರ ಬಂಡಾಯಗಾರರ ಹಿಡಿತದಲ್ಲಿದ್ದ ಡೊನೆಟ್‌ಸ್ಕ್‌ನಲ್ಲಿ ಮರಣದಂಡನೆ ವಿಧಿಸಿದರು. ಕೈದಿಗಳ ಅದಲುಬದಲಿನಲ್ಲಿ ಬಿಡುಗಡೆ ಆಯಿತು, ಅವರ ಪುಣ್ಯ.

ಮಹಾಭಾರತದ ಕತೆಯಲ್ಲಿ ಶಲ್ಯ ಬರುತ್ತಾನಲ್ಲ, ನನಗೆ ಯಾವಾಗಲೂ ಅವನು ನೆನಪಾಗುತ್ತಾನೆ. ಮದ್ರ ದೇಶದ ರಾಜ. ಸೋದರಳಿಯಂದಿರಾದ ನಕುಲ ಸಹದೇವರ ಪರ ಕಾದಲು ಸೈನ್ಯ ಕಟ್ಟಿಕೊಂಡು ಹೊರಟ. ದಾರಿಯುದ್ದಕ್ಕೂ ಬಿಡಾರ, ಭರ್ಜರಿ ಊಟ, ಉಪಚಾರ. ಧರ್ಮರಾಯನೇ ಮಾಡಿಸಿದ್ದು ಅಂದುಕೊಂಡ. ಖುಷಿಯಲ್ಲಿ 'ಇದನ್ನು ಮಾಡಿಸಿದವನಿಗೆ ಏನು ಬೇಕಾದರೂ ಕೊಡುತ್ತೇನೆ' ಅಂದ. ಮುಂದೆ ಬಂದು ನಿಂತವನು ದುರ್ಯೋಧನ! ರಾಜನೇ ಇಂಥ ಊಟಕ್ಕೆ ಬಿದ್ದ ಮೇಲೆ ಹುಡುಗರ ಪಾಡೇನು?

ರಷ್ಯಾದ್ದು ಇದೇ ಕತೆ ಅಲ್ವಾ. ಹೆಲ್ಪರ್ ಕೆಲಸ, ಸೆಕ್ಯುರಿಟಿ ಕೆಲಸ, ಒಳ್ಳೆ ಸಂಬಳ ಅಂದರು. ಕೈಗೆ ಬಂದದ್ದು ಬಂದೂಕು. 2025ರ ಜನವರಿಯಲ್ಲಿ ನಮ್ಮ ವಿದೇಶಾಂಗ ಇಲಾಖೆ ಕೊಟ್ಟ ಲೆಕ್ಕದಲ್ಲಿ ರಷ್ಯಾ ಸೈನ್ಯದಲ್ಲಿದ್ದ ಭಾರತೀಯರು 126. ವಾಪಸ್ ಬಂದವರು 96, ಸತ್ತವರು 12, ಉಳಿದ 18 ಜನರಲ್ಲಿ ನಾಪತ್ತೆ 16. ಪ್ರಧಾನಿಯೇ ಮಾಸ್ಕೋಗೆ ಹೋಗಿ ಕೇಳಬೇಕಾಯಿತು.

ಇವರು ಮೋಸ ಹೋದವರು, ಇಷ್ಟಪಟ್ಟು ಹೋದವರಲ್ಲ ಅಂತ ವಾದ ಬರುತ್ತದೆ. ಸರಿ. ಆದರೆ ಕಾಗದದ ಮೇಲೆ ಇಬ್ಬರ ಸಹಿಯೂ ಒಂದೇ ಥರ ಇರುತ್ತದೆ. ಕೋರ್ಟಿಗೆ ಕಾಣುವುದು ಸಹಿ.

ಒಂದು ದಿನ ಸಂಜೆ ಒಬ್ಬ ತಂದೆ ನಮ್ಮ ಆಫೀಸಿಗೆ ಬಂದರು. ಉತ್ತರ ಕರ್ನಾಟಕದ ಕಡೆಯವರು. ರಾತ್ರಿ ಬಸ್ಸಿನಲ್ಲಿ ಬಂದು, ಹಗಲೆಲ್ಲ ಕೋರ್ಟಿನ ಸುತ್ತ 'ರಷ್ಯಾ ಭಾಷೆ ಬರುವ ವಕೀಲರು ಯಾರು' ಅಂತ ವಿಚಾರಿಸಿದ್ದಾರೆ. ಚೀಲದಿಂದ ಒಂದು ಹಾಳೆ ತೆಗೆದರು. ಮಗ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದ ಕರಾರಿನ ಫೋಟೋ. ಅದನ್ನು ಪ್ರಿಂಟ್ ತೆಗೆಸಿ, ಹಾಳಾಗಬಾರದು ಅಂತ ಲ್ಯಾಮಿನೇಷನ್ ಮಾಡಿಸಿದ್ದರು, ಮಾರ್ಕ್ಸ್ ಕಾರ್ಡಿಗೆ ಮಾಡಿಸುವ ಹಾಗೆ.

ಪೂರ್ತಿ ರಷ್ಯನ್. ನನಗೆ ಓದಲು ಬಂದದ್ದು ಎರಡೇ. ಮೇಲೆ ತಾರೀಖಿನ ಅಂಕಿಗಳು. ಕೆಳಗೆ ಕನ್ನಡದಲ್ಲಿ ಹುಡುಗನ ಸಹಿ. ದುಂಡಗೆ, ಒತ್ತಕ್ಷರವನ್ನೂ ಬಿಡದೆ ಬರೆದಿದ್ದ.

'ಎಷ್ಟು ವರ್ಷಕ್ಕೆ ಬರೆದಾರ್ರೀ ಮೇಡಂ?' ಅಂತ ಕೇಳಿದರು. ಒಂದು ವರ್ಷ ಅಂತ ಏಜೆಂಟ್ ಹೇಳಿದ್ದನಂತೆ. 2022ರ ಸೆಪ್ಟೆಂಬರ್‌ನಲ್ಲಿ ಪುಟಿನ್ ಹೊರಡಿಸಿದ ಆದೇಶದ ಪ್ರಕಾರ ಇಂಥ ಕರಾರುಗಳು ಅವಧಿ ಮುಗಿದರೂ ಮುಗಿಯುವುದಿಲ್ಲ. ಅದು ನನಗೆ ಗೊತ್ತಿತ್ತು. ಹೇಳಲಿಲ್ಲ. ವಿದೇಶಾಂಗ ಇಲಾಖೆಗೆ ಒಂದು ಅರ್ಜಿ, ಮಾಸ್ಕೋದಲ್ಲಿರುವ ನಮ್ಮ ರಾಯಭಾರ ಕಚೇರಿಗೆ ಒಂದು ಅರ್ಜಿ ಟೈಪ್ ಮಾಡಿಸಿಕೊಟ್ಟೆ. ಜೊತೆಗೆ ಆ ಹಾಳೆಯದೂ ನಾಲ್ಕು ಜೆರಾಕ್ಸ್ ಬೇಕು ಅಂದೆ. ಕೆಳಗಿನ ಅಂಗಡಿಗೆ ಹೋಗಿ ಸ್ವಲ್ಪ ಹೊತ್ತಿಗೆ ವಾಪಸ್ ಬಂದರು. ಲ್ಯಾಮಿನೇಷನ್ ಮೇಲೆ ಲೈಟ್ ಹೊಡೆದು ಸಹಿ ಇರುವ ಜಾಗ ಬೆಳ್ಳಗೆ ಬರುತ್ತಿದೆಯಂತೆ, ಬಿಚ್ಚಿಸಲಾ ಅಂತ ಕೇಳಿದರು.