ಮನೆಯಲ್ಲಿ ಇರಲೇಬೇಕಾದ ತಟ್ಟೆಗಳು

ಯುಗಾದಿಗೆ ನನ್ನ ಷಡ್ಡಕರು ಮನೆಗೆ ಹೊಸ ತಟ್ಟೆ ತಂದರು. ಊಟದ ತಟ್ಟೆಯಲ್ಲ, ಹಾಡುವ ತಟ್ಟೆ. ನಮ್ಮ ಮಾವನವರು ಇದನ್ನು ಪ್ಲೇಟು ಅಂತಾರೆ, ಇಲ್ಲವೇ ರಿಕಾರ್ಡು ಅಂತಾರೆ. ಷಡ್ಡಕರ ಮನೆಯಲ್ಲಿ ಹಾಗೆಲ್ಲ ಅನ್ನುವಂತಿಲ್ಲ. ವಿನೈಲ್ ಅನ್ನಬೇಕು. ನನಗೋ ವಿನೈಲ್ ಅಂದರೆ ಅಂಗಡಿ ಬೋರ್ಡಿಗೆ ಅಂಟಿಸುವ ಹಾಳೆ ಅಂತ ಮಾತ್ರ ಗೊತ್ತಿತ್ತು. ಒಂದು ತಟ್ಟೆಗೆ ಮೂರು ಸಾವಿರ ಚಿಲ್ಲರೆ ಅಂದಾಗ, 'ಎಷ್ಟು ಚದರಡಿಗೆ?' ಅಂತ ಕೇಳಿಬಿಟ್ಟೆ. ಆವತ್ತಿನಿಂದ ಅವರು ನನ್ನ ಜೊತೆ ಸಂಗೀತದ ಬಗ್ಗೆ ಸ್ವಲ್ಪ ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡುತ್ತಾರೆ.

ಅವರ ಮನೆಗೆ ಮೊದಲು ಬಂದದ್ದು ಪಟ್ಟಿ. 'ಸಂಗ್ರಹ ಶುರು ಮಾಡುವವರ ಬಳಿ ಇರಲೇಬೇಕಾದ ಆಲ್ಬಮ್‌ಗಳು.' ಆಮೇಲೆ ತಟ್ಟೆಗಳು ಬಂದವು. ಅವನ್ನು ತಿರುಗಿಸುವ ಪೆಟ್ಟಿಗೆ, ಅದೇ ಟರ್ನ್‌ಟೇಬಲ್, ಬರುವುದಕ್ಕೆ ಮತ್ತೂ ನಾಲ್ಕು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ತಟ್ಟೆಗಳು ಹಾಲ್‌ನ ಗೋಡೆಯ ಮೇಲೆ ಕಟ್ಟು ಹಾಕಿಸಿಕೊಂಡು, ಅಜ್ಜ ಅಜ್ಜಿಯರ ಫೋಟೋ ಪಕ್ಕದಲ್ಲಿ ನೇತಾಡುತ್ತಿದ್ದವು. ಹಾರ ಒಂದು ಹಾಕಿರಲಿಲ್ಲ ಅಷ್ಟೆ.

ಇದು ನಮ್ಮ ಷಡ್ಡಕರೊಬ್ಬರ ಹುಚ್ಚು ಅಂದುಕೊಂಡಿದ್ದೆ. ಅಲ್ಲವಂತೆ. ಅಮೆರಿಕದಲ್ಲಿ 2022ರಲ್ಲಿ 4.1 ಕೋಟಿ ವಿನೈಲ್ ತಟ್ಟೆ ಮಾರಾಟವಾದವು, ಸಿ.ಡಿ. 3.3 ಕೋಟಿ. 1987ರ ನಂತರ ತಟ್ಟೆಗಳು ಸಿ.ಡಿ.ಯನ್ನು ಹಿಂದೆ ಹಾಕಿದ್ದು ಅದೇ ಮೊದಲು. ಸಂತೋಷ. ಆದರೆ ಹಾಡುಗಳ ಮಾರಾಟದ ಲೆಕ್ಕ ಇಡುವ ಲ್ಯೂಮಿನೇಟ್ ಎಂಬ ಸಂಸ್ಥೆ ಅಲ್ಲಿನವರನ್ನು ಇನ್ನೊಂದು ಪ್ರಶ್ನೆ ಕೇಳಿತು: ತಟ್ಟೆ ಕೊಂಡ ನಿಮ್ಮ ಮನೆಯಲ್ಲಿ ಪ್ಲೇಯರ್ ಇದೆಯಾ? 2023ರಲ್ಲಿ ಬಂದ ಉತ್ತರ: ನೂರಕ್ಕೆ ಐವತ್ತು ಜನರ ಹತ್ತಿರ ಮಾತ್ರ. ಇಬ್ಬರಲ್ಲಿ ಒಬ್ಬರು ದೋಸೆ ಹಂಚಿಲ್ಲದೆ ಹಿಟ್ಟು ರುಬ್ಬಿಸಿಕೊಂಡು ಬಂದಿದ್ದಾರೆ. ಹಿಟ್ಟಾದರೆ ಎರಡು ದಿನಕ್ಕೆ ಹುಳಿ ಬಂದು ಬುದ್ಧಿ ಹೇಳುತ್ತದೆ. ತಟ್ಟೆಗೆ ಆ ಗುಣವೂ ಇಲ್ಲ.

'ಇದು ಎಸೆನ್ಷಿಯಲ್ ಭಾವ' ಅಂದರು ಷಡ್ಡಕರು. ಎಸೆನ್ಷಿಯಲ್ ಅನ್ನುವ ಪದ ನಾನು ಕೊನೆಯದಾಗಿ ಕೇಳಿದ್ದು ಲಾಕ್‌ಡೌನ್‌ನಲ್ಲಿ. ಆಗ ಅದರ ಅರ್ಥ ಹಾಲು, ತರಕಾರಿ, ಔಷಧಿ.

ಪಟ್ಟಿ ನೋಡೋಣ ಅಂತ ಈಸಿಕೊಂಡೆ. ಮೊದಲನೆಯದು ಪಿಂಕ್ ಫ್ಲಾಯ್ಡ್‌ನವರ 'ಡಾರ್ಕ್ ಸೈಡ್ ಆಫ್ ದಿ ಮೂನ್', 1973. ಕಪ್ಪು ಹೊದಿಕೆ, ನಡುವೆ ಒಂದು ಪ್ರಿಸಂ, ಒಂದು ಕಡೆಯಿಂದ ಬಿಳಿ ಬೆಳಕು ಹೊಕ್ಕು ಇನ್ನೊಂದು ಕಡೆ ಬಣ್ಣಬಣ್ಣವಾಗಿ ಹೊರಬರುವ ಚಿತ್ರ. ಮಾವನವರು ತಿಪಟೂರು ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಮೇಷ್ಟರಾಗಿದ್ದವರು. ಬಹಳ ಹೊತ್ತು ನೋಡಿ, 'ಒಂಬತ್ತನೇ ಕ್ಲಾಸಿನ ಪಾಠ. ಆದ್ರೆ ಏಳು ಬಣ್ಣ ಇರ್ಬೇಕು, ಇಲ್ಲಿ ಆರೇ ಇದೆ' ಅಂದರು. ಎಣಿಸಿದೆವು. ಆರೇ ಇತ್ತು. ಐವತ್ತು ವರ್ಷದಿಂದ ಕೋಟಿಗಟ್ಟಲೆ ಜನ ಮನೆಯಲ್ಲಿ ಇಟ್ಟುಕೊಂಡ ತಟ್ಟೆ.

ಎರಡನೆಯದು ಬೀಟಲ್ಸ್‌ನವರ 'ಆ್ಯಬಿ ರೋಡ್', 1969. ನಾಲ್ಕು ಜನ ಸಾಲಾಗಿ ಜೀಬ್ರಾ ಪಟ್ಟಿ ದಾಟುತ್ತಿದ್ದಾರೆ. ಒಬ್ಬನಂತೂ ಬರಿಗಾಲಲ್ಲಿ. ಒಬ್ಬನೂ ಬಲಕ್ಕೆ ತಿರುಗಿ ನೋಡುತ್ತಿಲ್ಲ, ಒಬ್ಬನೂ ಕೈ ಅಡ್ಡ ಹಿಡಿದಿಲ್ಲ. ಮಾರತ್‌ಹಳ್ಳಿಯಲ್ಲಿ ಇದೇ ಫೋಟೋ ತೆಗೆದಿದ್ದರೆ ಅದೇ ಅವರ ಕೊನೆಯ ಆಲ್ಬಮ್ ಆಗುತ್ತಿತ್ತು. ಮೂರನೆಯದು ಫ್ಲೀಟ್‌ವುಡ್ ಮ್ಯಾಕ್‌ನವರ 'ರೂಮರ್ಸ್', 1977. ಈ ತಂಡದಲ್ಲಿ ಎರಡು ಜೋಡಿ ಇದ್ದವು. ಹಾಡು ರೆಕಾರ್ಡ್ ಆಗುವ ಹೊತ್ತಿಗೆ ಎರಡೂ ಮುರಿದಿದ್ದವು. ಬಿಟ್ಟವರ ಬಗ್ಗೆ ಬರೆದ ಹಾಡನ್ನು ಬಿಟ್ಟವರ ಎದುರೇ ನಿಂತು ಹಾಡಿದರು. ಇದೊಂದನ್ನು ಮಾತ್ರ ನಮ್ಮ ಅತ್ತೆಯವರು ಕಿವಿಗೊಟ್ಟು ಕೇಳಿದರು. ಹಾಡನ್ನಲ್ಲ, ಕಥೆಯನ್ನು. ಇನ್ನು ಜಾಜ್ ಸಂಗೀತದ ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ', 1959, ಮತ್ತು ಮೈಕೆಲ್ ಜಾಕ್ಸನ್‌ನ 'ಥ್ರಿಲ್ಲರ್', 1982.

ತಪ್ಪು ತಿಳಿಯಬೇಡಿ. ಐದೂ ಒಳ್ಳೆಯ ತಟ್ಟೆಗಳೇ. ನನ್ನ ತಕರಾರು ಬೇರೆ. ಹೊಸದಾಗಿ ಶುರು ಮಾಡಿದ ಯಾರ ಮನೆಗೆ ಹೋದರೂ ಇದೇ ಐದು ಇರುತ್ತವೆ. ಮದುವೆಯಾಗಿ ಹೊಸ ಮನೆ ಮಾಡುವವರಿಗೆ ಪಾತ್ರೆ ಅಂಗಡಿಯವನು ಕೊಡುವ ಚೀಟಿ ಇದೆಯಲ್ಲ, ಡಬರಿ ಎರಡು, ಕೊಳಗ ಒಂದು, ಈಳಿಗೆಮಣೆ ಒಂದು, ಹಾಗೆ. ಕುಕ್ಕರ್ ಯಾಕೆ ಬೇಕು ಅಂತ ಯಾರೂ ಕೇಳುವುದಿಲ್ಲ, ಬೇಕು ಅಷ್ಟೆ. ಆದರೆ ಕುಕ್ಕರಿನಲ್ಲಿ ಅನ್ನವಾದರೂ ಆಗುತ್ತದೆ. ಷಡ್ಡಕರು ಜನ್ಮದಲ್ಲಿ ಜಾಜ್ ಕೇಳಿದವರಲ್ಲ. ಅವರ ಕಾರಿನಲ್ಲಿ ಕೂತು ನೋಡಿ, ಹೆಬ್ಬಾಳದಿಂದ ವೈಟ್‌ಫೀಲ್ಡ್‌ವರೆಗೂ ಡಾ. ರಾಜ್‌ಕುಮಾರ್. ಸಿಗ್ನಲ್ ಬಿದ್ದರೆ ಸ್ಟೇರಿಂಗ್ ಮೇಲೆ ತಬಲಾ ಬೇರೆ. ಮನೆಗೆ ಬಂದು ಕೈಕಾಲು ತೊಳೆದ ಮೇಲೆ ಮೈಲ್ಸ್ ಡೇವಿಸ್ ಹಾಕಿ, ಕಣ್ಣು ಮುಚ್ಚಿ, ಹುಬ್ಬು ಗಂಟು ಹಾಕಿ ಕೂರುತ್ತಾರೆ. ಎಸೆನ್ಷಿಯಲ್ ಅಲ್ವಾ, ಕಷ್ಟಪಟ್ಟಾದರೂ ಕೇಳಬೇಕು.

ಹಾಕುವುದಾದರೂ ಸುಲಭವಾ? ನಮ್ಮ ಅಜ್ಜಿ ಮಡಿಯುಟ್ಟು ಅಡುಗೆಮನೆಯಲ್ಲಿ ಓಡಾಡುತ್ತಿದ್ದಾಗಲೂ ಇಷ್ಟು ನೇಮ ಇರಲಿಲ್ಲ. ತಟ್ಟೆಯ ಮುಖ ಮುಟ್ಟಬಾರದು, ಅಂಚು ಮಾತ್ರ ಹಿಡಿಯಬೇಕು. ಮೊದಲು ಒಂದು ಬ್ರಷ್ಷಿನಿಂದ ಧೂಳು ಒರೆಸಬೇಕು. ಆಮೇಲೆ ಮುಳ್ಳಿಗೇ ಬೇರೆ ಒಂದು ಪುಟ್ಟ ಬ್ರಷ್ಷು, ಅದನ್ನು ಹಿಂದಿನಿಂದ ಮುಂದಕ್ಕೆ ಮಾತ್ರ ಎಳೆಯಬೇಕು. ಆಮೇಲೆ ಉಸಿರು ಬಿಗಿಹಿಡಿದು ಮುಳ್ಳು ಇಳಿಸಬೇಕು. ಮಕ್ಕಳು ಆ ಹೊತ್ತಿನಲ್ಲಿ ನೆಲದ ಮೇಲೆ ಜೋರಾಗಿ ಹೆಜ್ಜೆ ಹಾಕಕೂಡದು. ಇಷ್ಟು ಸಂಕಲ್ಪವಾಗಿ ಹಾಡು ಶುರುವಾಗಿ, ನಾವು ಸೋಫಾದಲ್ಲಿ ಒರಗಿ, ಕಾಫಿ ಬಂದು, ಮಾತು ಒಂದು ಹದಕ್ಕೆ ಬರುವ ಹೊತ್ತಿಗೆ ಇಪ್ಪತ್ತು ಇಪ್ಪತ್ತೆರಡು ನಿಮಿಷ. ಒಂದು ಮಗ್ಗುಲು ಮುಗಿಯಿತು. ಏಳಿ, ಮಗುಚಿ ಹಾಕಿ. ಲೈಟು, ಫ್ಯಾನು, ಪರದೆ, ಎಲ್ಲವನ್ನೂ ಕೂತಲ್ಲಿಂದಲೇ ಫೋನಿನಲ್ಲಿ ನಡೆಸುವ ಮನುಷ್ಯ ಇದಕ್ಕೆ ಮಾತ್ರ ದಡಬಡ ಎದ್ದು ಓಡುತ್ತಾರೆ. 'ಆ ಏಳೋದರಲ್ಲೇ ಸುಖ ಭಾವ' ಅಂತಾರೆ. ನಾದಿನಿ ಒಳಗಿನಿಂದ, 'ಗ್ಯಾಸ್ ಆಫ್ ಮಾಡೋಕೆ ಏಳ್ರೀ ಅಂದ್ರೆ ಆ ಸುಖ ಕಾಣಲ್ಲ' ಅಂದಳು.

ತೂಕದ ಮಾತು ಬಿಟ್ಟೆ. ತಟ್ಟೆ 180 ಗ್ರಾಂ ಇರಬೇಕಂತೆ. ಹಿಂದೆಲ್ಲ 120, 140 ಗ್ರಾಂನಲ್ಲೇ ಜನ ಹಾಡಿಕೊಂಡು ಇದ್ದರು. ದಪ್ಪ ತಟ್ಟೆ ಬೇಗ ಸೊಟ್ಟಗಾಗುವುದಿಲ್ಲ, ಅಲುಗಾಡದೆ ಕೂರುತ್ತದೆ, ನಿಜ. ಆದರೆ ಹಾಡು ಇರುವುದು ಮೇಲಿನ ಕೂದಲೆಳೆಯಷ್ಟು ಗೀರಿನಲ್ಲಿ, ಆ ಗೀರು ಎರಡರಲ್ಲೂ ಒಂದೇ ಆಳ. ಕೆಳಗಿನ ದಪ್ಪದಲ್ಲಿ ಹಾಡಿಲ್ಲ. ನಾವೋ ಬಂಗಾರ, ಬಾದಾಮಿ ಎಲ್ಲ ಗ್ರಾಂ ಲೆಕ್ಕದಲ್ಲೇ ಕೊಂಡು ಬೆಳೆದವರು. ಜಾಸ್ತಿ ಗ್ರಾಂ ಅಂದರೆ ಕೈ ತಾನಾಗಿಯೇ ಜೇಬಿಗೆ ಹೋಗುತ್ತದೆ.

ಇನ್ನು ಆ ಧ್ವನಿ. ಅದು 'ಬೆಚ್ಚಗೆ' ಇರುತ್ತದಂತೆ. ಡಿಜಿಟಲ್ ಅನ್ನುವುದು ತಣ್ಣಗೆ, ಸತ್ತ ಹಾಗೆ. ಇದು ಜೀವಂತ, ಒಂದು ಹನಿ ಡಿಜಿಟಲ್ ಬೆರೆತರೂ ಬಲ್ಲವರ ಕಿವಿಗೆ ಗೊತ್ತಾಗಿಬಿಡುತ್ತದಂತೆ. ಇದನ್ನು ಷಡ್ಡಕರು ನನಗೆ ವಿವರಿಸುತ್ತಿರುವಾಗ ಅವರ ಟರ್ನ್‌ಟೇಬಲ್‌ನಿಂದ ಸ್ಪೀಕರಿಗೆ ಒಂದು ವೈರೂ ಕಾಣಲಿಲ್ಲ. ವೈರ್ ಎಲ್ಲಿ ಅಂದೆ. 'ಬ್ಲೂಟೂತ್' ಅಂದರು. ಬ್ಲೂಟೂತ್‌ನಲ್ಲಿ ಹಾಡು ಹೋಗಬೇಕಾದರೆ ಮೊದಲು ಅಂಕಿಗಳಾಗಿ ಪುಡಿಯಾಗಬೇಕು, ಆ ಪುಡಿಯನ್ನೂ ಹಿಂಡಿ ಚಿಕ್ಕದು ಮಾಡಬೇಕು. ಅಂದರೆ ಗಾಣದ ಶುದ್ಧ ಎಣ್ಣೆ ತಂದು ಅದರಲ್ಲಿ ಪ್ಯಾಕೆಟ್ ಚಿಪ್ಸ್ ಬಿಸಿ ಮಾಡಿದ ಹಾಗಾಯಿತು. ನಾನು ಏನೂ ಹೇಳಲಿಲ್ಲ. ಹಬ್ಬದ ದಿನ.

ಬಲ್ಲವರ ಕಿವಿಯ ಬಗ್ಗೆ ಒಂದು ನಿಜವಾದ ಕಥೆ ಇದೆ. ಅಮೆರಿಕದಲ್ಲಿ ಮೊಬೈಲ್ ಫಿಡೆಲಿಟಿ ಅಂತ ಒಂದು ಕಂಪನಿ. ಹಳೆಯ ಹೆಸರಾಂತ ಆಲ್ಬಮ್‌ಗಳನ್ನು ಮೂಲ ಟೇಪಿನಿಂದ ತಯಾರಿಸಿ ದುಬಾರಿ ಬೆಲೆಗೆ ಮಾರುತ್ತಿತ್ತು. ಮಡಿವಂತರೆಲ್ಲ ಸಾಲುಗಟ್ಟಿ ಕೊಂಡರು, ಇದೇ ನೋಡಿ ನಿಜವಾದ ಅನಲಾಗ್, ಡಿಜಿಟಲ್ ಸೋಂಕೇ ಇಲ್ಲದ್ದು ಅಂತ ಹೊಗಳಿದರು. 2022ರ ಜುಲೈನಲ್ಲಿ ಗುಟ್ಟು ಹೊರಬಿತ್ತು. ಎಷ್ಟೋ ತಟ್ಟೆಗಳನ್ನು ಮಾಡುವಾಗ ನಡುವೆ ಒಂದು ಡಿಜಿಟಲ್ ಹಂತ ಇತ್ತು, ಅದೂ 2011ರಿಂದ. ಹತ್ತು ವರ್ಷಕ್ಕೂ ಜಾಸ್ತಿ ಕಾಲ ಬಲ್ಲವರ ಒಂದು ಕಿವಿಗೂ ಗೊತ್ತಾಗಲಿಲ್ಲ. ಗೊತ್ತಾದ ಮರುದಿನದಿಂದ ಮಾತ್ರ ಸ್ಪಷ್ಟವಾಗಿ ಕೇಳಿಸತೊಡಗಿತು. ಕೋರ್ಟಿಗೆ ಹೋದರು, ಸುಮಾರು 2.5 ಕೋಟಿ ಡಾಲರ್‌ಗೆ ರಾಜಿಯಾಯಿತು. ಹೋಟೆಲಿನಲ್ಲಿ ಸಾರು ಚಪ್ಪರಿಸಿ ಕುಡಿದವರು, ಅಡುಗೆಯವರು ಈರುಳ್ಳಿ ಹಾಕಿದ್ದರು ಅಂತ ತಿಳಿದ ಮೇಲೆ ಹೊಟ್ಟೆ ತೊಳಸುತ್ತಿದೆ ಅಂದ ಹಾಗೆ.

ಸರಿ, ಪಟ್ಟಿಯಲ್ಲಿ ನಮ್ಮದು ಒಂದಾದರೂ ಇರಲಿ ಅಂತ ನಾನೇ ಒಂದು ಕನ್ನಡದ ಪಟ್ಟಿ ಮಾಡಲು ಕೂತೆ. ಕೂತ ಮೇಲೆ ಗೊತ್ತಾಯಿತು ತೊಂದರೆ. ಪಟ್ಟಿ ಮಾಡುವ ಪಂಡಿತರಿಗೆ ಬೇಕಾದದ್ದು ಎಲ್.ಪಿ., 1948ರಲ್ಲಿ ಬಂದ ಆ ದೊಡ್ಡ ತಟ್ಟೆ. ನಮ್ಮ ಸಿನಿಮಾ ಹಾಡುಗಳು ಬಹುಪಾಲು ಬಂದದ್ದು ಇ.ಪಿ.ಯಲ್ಲಿ. ಚಿಕ್ಕ ತಟ್ಟೆ, ಮಗ್ಗುಲಿಗೆ ಎರಡು ಹಾಡು. ಇನ್ನು ಭಾವಗೀತೆ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಬಂತು. ಕ್ಯಾಸೆಟ್ಟಿನಲ್ಲಿ! ಕನ್ನಡದವರ ಮನೆಯಲ್ಲಿ ಇರಲೇಬೇಕಾದದ್ದು ಅಂತ ಇದ್ದರೆ ಅದೇ. ಆದರೆ ಅದರ ಕಾಲ ಬಂದಾಗ ತಟ್ಟೆಯ ಕಾಲ ಮುಗಿಯುತ್ತಾ ಬಂದಿತ್ತು. ಸಂಭ್ರಮದಿಂದ ಗೋಡೆಗೆ ನೇತುಹಾಕಲು ಕ್ಯಾಸೆಟ್ಟಿಗೆ ಹೊದಿಕೆಯಾದರೂ ಎಷ್ಟಗಲ ಇರುತ್ತೆ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು.

ಹಿಂದಕ್ಕೆ ಹೋದರೆ ಇನ್ನೂ ಚೆನ್ನಾಗಿದೆ. ಗಂಗೂಬಾಯಿ ಹಾನಗಲ್ ಮೊದಮೊದಲು ಹಾಡಿದ ತಟ್ಟೆಗಳ ಮೇಲೆ ಅವರ ಹೆಸರು 'ಗಾಂಧಾರಿ ಹುಬ್ಬಳ್ಳಿ'. ಒಂದು ರಾಗವನ್ನು ಗಂಟೆಗಟ್ಟಲೆ ಬೆಳೆಸುವವರು ಮೂರು ಮೂರೂವರೆ ನಿಮಿಷದಲ್ಲಿ ಮುಗಿಸಬೇಕಿತ್ತು, ಆ ತಟ್ಟೆಯಲ್ಲಿ ಹಿಡಿಯುತ್ತಿದ್ದದ್ದೇ ಅಷ್ಟು. 1902ರಲ್ಲಿ ಕಲ್ಕತ್ತೆಯಲ್ಲಿ ರೆಕಾರ್ಡ್ ಮಾಡುವ ಯಂತ್ರದ ಮುಂದೆ ಹಾಡಿ, ಕೊನೆಯಲ್ಲಿ ಇಂಗ್ಲಿಷಿನಲ್ಲಿ ತನ್ನ ಹೆಸರು ತಾನೇ ಕೂಗಿ ಹೇಳಿದ ಗೌಹರ್ ಜಾನ್ ಕಡೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿದ್ದರು. 1930ರಲ್ಲಿ ತೀರಿಕೊಂಡದ್ದೂ ಮೈಸೂರಿನಲ್ಲೇ. ಇವೆಲ್ಲ ಅರಗಿನ ತಟ್ಟೆಗಳು. ಹೌದು, ಅದೇ ಅರಗು, ಪಾಂಡವರ ಮನೆ ಕಟ್ಟಿದ್ದು. ನಮ್ಮ ಕಾಡಿನ ಮರಗಳಲ್ಲಿ ಹುಳ ಮಾಡುವ ಅರಗು ಮೊದಮೊದಲು ಹಡಗು ಹತ್ತಿ ಹೋಗಿ ತಟ್ಟೆಯಾಗಿ ಬರುತ್ತಿತ್ತು. ಕೈ ಜಾರಿದರೆ ಹಪ್ಪಳ.

'ಇವು ಕಲೆಕ್ಟಬಲ್ ಭಾವ, ಎಸೆನ್ಷಿಯಲ್ ಅಲ್ಲ' ಅಂದರು ಷಡ್ಡಕರು. ಎರಡಕ್ಕೂ ವ್ಯತ್ಯಾಸ ಕೇಳಿದೆ. ಎಸೆನ್ಷಿಯಲ್ ಅಂಗಡಿಯಲ್ಲಿ ಸಿಗುತ್ತದೆ ಅಂದರು.

ಆಗ ಅತ್ತೆಯವರು ಬಾಯಿ ಬಿಟ್ಟರು. 'ನಮ್ಮನೇಲೂ ಒಂದು ಟ್ರಂಕ್ ಇತ್ತಲ್ಲ ಪ್ಲೇಟು. ಭೀಮಸೇನ ಜೋಶಿ ಇತ್ತು, ಅದ್ಯಾವ್ಯಾವ್ದೋ ಪಿಕ್ಚರ್ದು ಇತ್ತು.' ಷಡ್ಡಕರು ಕಾಫಿ ಲೋಟ ಕೆಳಗಿಟ್ಟರು. 'ಎಲ್ಲಿ ಅತ್ತೆ?' 'ಅಟ್ಟ ಖಾಲಿ ಮಾಡುವಾಗ ಪಾತ್ರೆಯವನಿಗೆ ಹಾಕಿ ಡಬರಿ ತಗೊಂಡೆ. ಒಳ್ಳೇ ಗಟ್ಟಿ ಡಬರಿ. ಇವತ್ತು ಒಬ್ಬಟ್ಟಿನ ಸಾರು ಮಾಡಿದ್ದು ಅದರಲ್ಲೇ.' ಷಡ್ಡಕರು ಎದ್ದು ಅಡುಗೆಮನೆಗೆ ಹೋಗಿ ಆ ಡಬರಿಯನ್ನು ಸ್ವಲ್ಪ ಹೊತ್ತು ನೋಡಿ ಬಂದರು. ತೂಕ ನೋಡಿದರೋ ಏನೋ ಕೇಳಲಿಲ್ಲ.

ಊಟವಾದ ಮೇಲೆ ಮಾವನವರು, 'ಅಳಿಯಂದ್ರೇ, ಆ ಘಂಟಸಾಲ ಇದೆಯೋ? ಟೆಂಟ್‌ನಲ್ಲಿ ಹಾಕೋರಲ್ಲ' ಅಂದರು. ಹಳೆಯ ಮೈಸೂರಿನ ಕಡೆಯವರಿಗೆ ಹೇಳಬೇಕಾಗಿಲ್ಲ. ಟೆಂಟ್ ಸಿನಿಮಾದ ಮೈಕಿನಲ್ಲಿ ಘಂಟಸಾಲ ಹಾಡಿದ 'ನಮೋ ವೆಂಕಟೇಶಾ' ಬಂತು ಅಂದರೆ ಇನ್ನೇನು ಆಟ ಶುರು, ಕಡಲೆಕಾಯಿ ಕಟ್ಟಿಸಿಕೊಂಡು ಓಡಬೇಕು ಅಂತ ಅರ್ಥ. ಪಟ್ಟಿಯಲ್ಲಿ ಅದು ಇರಲಿಲ್ಲ. ಮೊಮ್ಮಗಳು ಫೋನಿನಲ್ಲಿ ಹುಡುಕಿ ಅದೇ ಬ್ಲೂಟೂತ್ ಸ್ಪೀಕರಿಗೆ ಹಾಕಿದಳು.

ಮಾವನವರು ಕಣ್ಣು ಮುಚ್ಚಿದರು. ತೊಡೆಯ ಮೇಲೆ ತಾಳ. 'ನಮೋ ವೆಂಕಟೇಶಾ, ನಮೋ ತಿರುಮಲೇ, ತಿರುಮಲೇ, ತಿರುಮಲೇ...' ಸ್ಪೀಕರಿನಲ್ಲಿ ಘಂಟಸಾಲ ಮುಂದೆ ಹೋಗಿಬಿಟ್ಟಿದ್ದರು. ಮಾವನವರು ಅಲ್ಲೇ ನಿಂತಿದ್ದರು, ಅವರ ಊರಿನ ಟೆಂಟಿನ ಪ್ಲೇಟು ಎಷ್ಟು ವರ್ಷ ಅಲ್ಲಿ ಸಿಕ್ಕಿಕೊಳ್ಳುತ್ತಿತ್ತೋ ಏನೋ. ನಾಲ್ಕನೇ ಸಲದ 'ತಿರುಮಲೇ' ಆಗುವ ಹೊತ್ತಿಗೆ ಷಡ್ಡಕರು ಗಾಬರಿಬಿದ್ದು ಎದ್ದು, ಮಗುವನ್ನು ದಾಟಿಕೊಂಡು, ಟರ್ನ್‌ಟೇಬಲ್‌ನ ಮುಳ್ಳು ಎತ್ತಲು ಓಡಿದರು.

ಅದು ತಿರುಗುತ್ತಲೇ ಇರಲಿಲ್ಲ.