ಯಮಕೋಶಿ ಊರು ಅಳಿಸಿಹೋಗಿಲ್ಲ

ಜಪಾನಿನ ನೀಗಾತಾ ಪ್ರಾಂತ್ಯದ ಯಮಕೋಶಿ ಹಳ್ಳಿ 2004ರ ಭೂಕಂಪದಲ್ಲಿ ನಾಶವಾಯಿತು, ಅದಕ್ಕೇ ಸರ್ಕಾರ ಅದನ್ನು ನಕ್ಷೆಯಿಂದ ತೆಗೆದುಹಾಕಿತು ಅನ್ನೋ ಮಾತು ಹರಿದಾಡುತ್ತಿದೆ. ಇದು ತಪ್ಪು.

ಅಕ್ಟೋಬರ್ 23ರಂದು ಭೂಕಂಪ ಆಗಿದ್ದು ನಿಜ. ಗುಡ್ಡಗಳು ಕುಸಿದು ರಸ್ತೆಗಳೆಲ್ಲ ಮುಚ್ಚಿಹೋದವು, ಸುಮಾರು 2,200 ಜನ ಊರು ಬಿಟ್ಟು ಪಕ್ಕದ ನಾಗಾಓಕಾ ನಗರಕ್ಕೆ ಹೋಗಬೇಕಾಯಿತು. ಆದರೆ ನಾಗಾಓಕಾ ಜೊತೆ ವಿಲೀನದ ಮಾತುಕತೆ ಅದಕ್ಕೂ ಮೊದಲೇ ನಡೆದಿತ್ತು. ಆಗ ಜಪಾನಿನಾದ್ಯಂತ ಸಣ್ಣ ಹಳ್ಳಿಗಳ ಆಡಳಿತವನ್ನು ದೊಡ್ಡ ಊರುಗಳಿಗೆ ಸೇರಿಸುತ್ತಿದ್ದರು, ಯಮಕೋಶಿಯೂ 2005ರ ಏಪ್ರಿಲ್ 1ರಂದು ಹಾಗೇ ಸೇರಿತು.

ಹೋಗಿದ್ದು ಪ್ರತ್ಯೇಕ ಆಡಳಿತ ಮಾತ್ರ, ಊರಲ್ಲ. ಬಹಳಷ್ಟು ಜನ ವಾಪಸ್ ಬಂದು ಮನೆ ಕಟ್ಟಿಕೊಂಡರು. ಮೆಟ್ಟಿಲು ಗದ್ದೆಗಳಲ್ಲಿ ಇವತ್ತಿಗೂ ಭತ್ತ ಬೆಳೆಯುತ್ತಾರೆ, ಕೊಳಗಳಲ್ಲಿ ಬಣ್ಣದ ಕೋಯಿ ಮೀನು ಸಾಕುತ್ತಾರೆ, ಹೋರಿ ಕಾಳಗವೂ ನಡೆಯುತ್ತದೆ. ಅಷ್ಟು ಕಷ್ಟಪಟ್ಟು ಮರಳಿದವರ ಊರನ್ನು ಸುಮ್ನೆ ಸತ್ತ ಊರು ಅನ್ನೋದು ಅನ್ಯಾಯ ಅಲ್ವಾ? ದಯವಿಟ್ಟು ಆ ಸಂದೇಶವನ್ನು ಮುಂದೆ ಕಳಿಸಬೇಡಿ.